ಕತ್ತಾಳೆ ಮರೆ

ನಮ್ಮ ಚಿಕ್ಕಮ್ಮ ಶಿವಗಂಗಮ್ಮನನ್ನು ಪಂಚಾಯ್ತಿ ಮೆಂಬರು ಮಾಡಿದವರು ನಮ್ಮಪ್ಪ. ಹೆಂಗಸರಿಗೆ ಮರ್ಯಾದೆ ಕೊಡುವ ಮನೆತನ, ಅದಕ್ಕೇ ಮಾಡಿದರು ಎಂದು ಊರಿನವರು ಹೇಳಿಕೊಂಡು ತಿರುಗಿದರು. ಮಗಳಾದ ನನಗೆ ಗೊತ್ತಿದ್ದ ಕಾರಣವೇ ಬೇರೆ. ಆಕೆ ಅಪ್ಪನ ತಮ್ಮನ ಹೆಂಡತಿ. ನಮ್ಮ ಮನೆಯ ಪದ್ಧತಿಯಲ್ಲಿ ತಮ್ಮನ ಹೆಂಡತಿ ಭಾವನ ಎದುರು ಬಾಯಿ ತೆರೆಯುವಂತಿಲ್ಲ. ಪಂಚಾಯ್ತಿ ಛೇರ್ಮನ್ನರಾದ ಅಪ್ಪನಿಗೆ ಇದಕ್ಕಿಂತ ಒಳ್ಳೆಯ ಮೆಂಬರು ಎಲ್ಲಿ ಸಿಗಬೇಕು?

ಊರಿನ ಹೆಸರು ಬರೆಯುವುದಿಲ್ಲ. ನಮ್ಮ ಪೈಕಿಯವರು ಇನ್ನೂ ಅಲ್ಲಿದ್ದಾರೆ, ಅವರಿಗೆ ಮಾನದ ಚಿಂತೆ ಬಹಳ. ಬಾಣಾವರದಲ್ಲಿ ರೈಲಿಳಿದು ಹಳೇಬೀಡಿನ ಬಸ್ಸು ಹತ್ತಿದವರು ನಮ್ಮೂರನ್ನು ದಾಟಿಯೇ ಹೋಗಬೇಕು, ಅಷ್ಟು ಸಾಕು. ಅಪ್ಪ ದೇವೀರಪ್ಪನವರಿಗೆ ಕೆರೆಯಾಚೆ ತೆಂಗಿನ ತೋಟವಿತ್ತು, ಅರಸೀಕೆರೆ ಪೇಟೆಯಲ್ಲಿ ಕೊಬ್ಬರಿ ವ್ಯಾಪಾರವಿತ್ತು, ಮಠದಲ್ಲಿ ಮುಂದಿನ ಸಾಲಿನ ಮರ್ಯಾದೆಯಿತ್ತು. ಚಿಕ್ಕಪ್ಪ ಗಂಗಾಧರಪ್ಪ ಅಣ್ಣ ಹೇಳಿದಲ್ಲಿಗೆ ಹೋಗಿ, ಹೇಳಿದ್ದನ್ನು ಮಾಡಿ, ಊಟದ ಹೊತ್ತಿಗೆ ಮನೆಗೆ ಬರುವ ಮನುಷ್ಯ. ಕೆಟ್ಟವರಲ್ಲ. ಒಳ್ಳೆಯವರು ಎನ್ನಬೇಕಾದರೆ ಏನಾದರೂ ಒಂದು ಮಾಡಿರಬೇಕಲ್ಲ, ಅದನ್ನು ಅವರು ಮಾಡಲಿಲ್ಲ.

ಅರವತ್ತನೇ ಇಸವಿಯಲ್ಲಿ ಹೊಸ ಕಾಯಿದೆಯ ಪ್ರಕಾರ ಪಂಚಾಯ್ತಿಯಾದಾಗ ಹೆಂಗಸರಿಗೂ ಸ್ಥಾನ ಕೊಡಲೇಬೇಕು ಎಂದು ತಾಲ್ಲೂಕು ಕಚೇರಿಯಿಂದ ತಿಳಿಸಿದರು. ಅಪ್ಪ ಒಂದು ಸ್ಥಾನಕ್ಕೆ ಚಿಕ್ಕಮ್ಮನ ಹೆಸರು ಹೇಳಿದರು. ಇನ್ನೊಂದಕ್ಕೆ ಕೆಳಗಿನ ಬೀದಿಯ ರಂಗಮ್ಮಜ್ಜಿಯ ಹೆಸರು ಹೇಳಿದರು. ಅಜ್ಜಿಗೆ ಎರಡೂ ಕಿವಿ ಕೇಳಿಸುತ್ತಿರಲಿಲ್ಲ. ಹೀಗೆ ಬಾಯಿಲ್ಲದ ಒಬ್ಬರು, ಕಿವಿಯಿಲ್ಲದ ಒಬ್ಬರು ಅವಿರೋಧವಾಗಿ ಆರಿಸಿ ಬಂದರು. ಅಪ್ಪ ಸೂಚಿಸಿದ ಹೆಸರಿಗೆ ಎದುರು ನಿಲ್ಲುವವರು ಊರಲ್ಲಿ ಇರಲಿಲ್ಲ.

ಬಾಯಿಲ್ಲದವಳು ಎಂದೆನಲ್ಲ, ಅದು ಹಜಾರದ ಮಟ್ಟಿಗೆ ಮಾತ್ರ. ಅಡುಗೆಮನೆಯಲ್ಲಿ ಚಿಕ್ಕಮ್ಮನ ಬಾಯಿ ಮುಚ್ಚಿಸುವವರು ಹುಟ್ಟಿರಲಿಲ್ಲ. ಗಂಡಸಿ ಎಂಬ ಊರಿನ ಕಡೆಯ ಹೆಣ್ಣು, ಮಿಡ್ಲ್ ಸ್ಕೂಲು ಮುಗಿಸಿದ್ದಳು, ಪೇಪರು ಸಿಕ್ಕಿದರೆ ಜಾಹೀರಾತನ್ನೂ ಬಿಡದೆ ಓದುವಳು. ಮುದ್ದೆ ಕಟ್ಟುತ್ತಾ ಊರಿನ ದೊಡ್ಡ ಮನುಷ್ಯರ ನಡಿಗೆಯನ್ನೆಲ್ಲ ಅಣಕಿಸಿ ನಮ್ಮ ಹೊಟ್ಟೆ ಹುಣ್ಣಾಗಿಸುವಳು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ತುಪ್ಪ ಬಡಿಸುವಾಗ ಕೈ ಬಿಗಿ. ನಮ್ಮಮ್ಮ ಕಾಂತಮ್ಮನಿಗೂ ಅವಳಿಗೂ ಒಂದಲ್ಲ ಒಂದಕ್ಕೆ ಜಗಳ ಇದ್ದೇ ಇರುತ್ತಿತ್ತು. ಇಷ್ಟೆಲ್ಲ ಬಾಯಿ ಇದ್ದವಳು ಹೊರಗೆ ಅಪ್ಪನ ಕೆಮ್ಮು ಕೇಳಿದ ತಕ್ಷಣ ಸೆರಗು ತಲೆಗೆಳೆದುಕೊಂಡು ಗಪ್ಪಾಗುತ್ತಿದ್ದಳು. ಮದುವೆಯಾಗಿ ಅಷ್ಟು ವರ್ಷವಾದರೂ ಅವಳ ದನಿ ಹೇಗಿದೆ ಎಂದು ಅಪ್ಪನಿಗೆ ಗೊತ್ತಿತ್ತೋ ಇಲ್ಲವೋ.

ಪಂಚಾಯ್ತಿಗೆ ಆಗ ಸ್ವಂತ ಕಟ್ಟಡ ಇರಲಿಲ್ಲ. ಸಭೆ ನಮ್ಮ ಮನೆಯ ಹಜಾರದಲ್ಲೇ ನಡೆಯುತ್ತಿತ್ತು. ಗಂಡಸರು ಜಮಖಾನದ ಮೇಲೆ, ಕಿವಿ ಕೇಳದ ಅಜ್ಜಿ ಜಗಲಿಯ ತುದಿಯಲ್ಲಿ, ಚಿಕ್ಕಮ್ಮ ನಡುಮನೆಯ ಬಾಗಿಲ ಹಿಂದೆ. ಅಪ್ಪ ಅವಳನ್ನು ಏನಾದರೂ ಕೇಳಬೇಕಾದರೆ ಪಂಚಾಯ್ತಿ ಜವಾನ ಜವರಯ್ಯನಿಗೆ ಹೇಳುವರು. ಅವನು ಬಾಗಿಲಿಗೆ ಬಂದು ಅದೇ ಮಾತನ್ನು ಇನ್ನೊಂದು ಸಲ ಹೇಳುವನು. ಮೊದಲ ಸಲವೇ ಅವಳಿಗೆ ಕೇಳಿಸಿರುತ್ತಿತ್ತು, ಆದರೂ ಹಾಗೆ. ಒಪ್ಪಿಗೆಯಾದರೆ ಅವಳು ಕೈಯಾಡಿಸಿ ಬಳೆ ಸದ್ದು ಮಾಡಬೇಕು. ಅದು ನಮ್ಮ ಮನೆಯ ಹಳೆಯ ರೂಢಿ. ಊಟಕ್ಕೆ ಇಷ್ಟು ಜನ ಇದ್ದೀವಿ ಎಂದು ಹೊರಗಿನಿಂದ ಗಂಡಸರು ಕೂಗಿದರೆ ಒಳಗಿನಿಂದ ಬಳೆ ಸದ್ದಾಗಬೇಕು, ಆಯಿತು ಎಂದು ಅರ್ಥ. ಬೇಡ, ಆಗುವುದಿಲ್ಲ ಎನ್ನುವುದಕ್ಕೆ ಯಾವ ಸದ್ದೂ ಇರಲಿಲ್ಲ. ಅಂಥ ಸಂದರ್ಭವೂ ಬರಬಹುದು ಎಂದು ಹಿರಿಯರು ಯೋಚನೆ ಮಾಡಿರಲಿಲ್ಲ.

ಮೊದಲನೇ ವರ್ಷ ಚಿಕ್ಕಮ್ಮ ಬಹಳ ಹುರುಪಿನಲ್ಲಿದ್ದಳು. ಜವರಯ್ಯನ ಬಾಯಲ್ಲಿ ಹೇಳಿಸಿ ಹೇಳಿಸಿ ಸೇದುವ ಬಾವಿಗೆ ಕಬ್ಬಿಣದ ರಾಟೆ ಹಾಕಿಸಿದಳು. ಹೆಣ್ಣುಮಕ್ಕಳು ಕೂರುತ್ತಿದ್ದ ಶಾಲೆಯ ಕೋಣೆ ಸೋರುತ್ತಿತ್ತು, ಹೆಂಚು ಬದಲು ಮಾಡಿಸಿದಳು. ಹೆಸರು ಛೇರ್ಮನ್ನರಿಗೆ ಬಂತು, ಆದ್ದರಿಂದ ಅಪ್ಪನೂ ಅಡ್ಡ ಬರಲಿಲ್ಲ.

“ನೋಡ್ತಿರು ದ್ರಾಕ್ಷಾಯಣಿ, ಬಾಗಿಲ ಹಿಂದೆ ನಿಂತ್ಕಂಡೇ ಈ ಊರನ್ನ ತಿದ್ದುತೀನಿ” ಎಂದು ನನ್ನ ಬೆನ್ನಿಗೆ ಗುದ್ದಿ ನಗುತ್ತಿದ್ದಳು. ನನಗಾಗ ಹದಿನೇಳು. ಬಾಣಾವರದಲ್ಲಿ ಓದು ಬಿಡಿಸಿ ಗಂಡು ನೋಡುತ್ತಿದ್ದರು. ಚಿಕ್ಕಮ್ಮನ ಮಾತನ್ನು ನಾನು ಪೂರ್ತಿ ನಂಬಿದ್ದೆ.

ಈಗ ಕತ್ತಾಳೆ ಮರೆಯ ವಿಷಯಕ್ಕೆ ಬರಬೇಕು. ಹೇಳಲು ನಾಚಿಕೆ. ಆದರೆ ಈ ನಾಚಿಕೆಯಿಂದಲೇ ಇಷ್ಟೆಲ್ಲ ಆದದ್ದು, ಅದಕ್ಕೇ ಹೇಳುತ್ತೇನೆ. ನಮ್ಮದು ಬಯಲು ಸೀಮೆ. ನಿಂತಲ್ಲಿಂದ ಸುತ್ತ ಕಣ್ಣು ಹಾಯಿಸಿದರೆ ಬಹುದೂರದವರೆಗೆ ಎಲ್ಲ ಕಾಣುತ್ತದೆ. ಮನೆಯಲ್ಲಿ ಕಕ್ಕಸು ಎನ್ನುವುದು ಛೇರ್ಮನ್ನರಿಗೂ ಇರಲಿಲ್ಲ. ಕೆರೆ ಏರಿಯ ಹಿಂಬದಿ ಗಂಡಸರದು. ನಮ್ಮ ತೋಟದಲ್ಲಿ ಸದಾ ಕಾವಲಿನ ಆಳುಗಳು. ಊರಿನ ಹೆಂಗಸರಿಗೆ ಇದ್ದದ್ದು ಒಂದೇ ಒಂದು ಜಾಗ, ಊರ ಬಾಗಿಲಲ್ಲಿ ರಸ್ತೆಯ ಪಕ್ಕದ ಪಂಚಾಯ್ತಿ ಜಮೀನು. ಯಾವ ಕಾಲದಲ್ಲಿ ಯಾರು ನೆಟ್ಟರೋ, ಅದರ ಸುತ್ತ ಆಳೆತ್ತರದ ಕತ್ತಾಳೆ ಒತ್ತಾಗಿ ಬೆಳೆದಿತ್ತು. ಒಳಗೆ ಹೋಗಲು ಒಬ್ಬರು ನುಸುಳುವಷ್ಟು ಸಂದಿ. ಹಗಲಲ್ಲೂ ಹೋಗಬಹುದಿತ್ತು, ಮಳೆಯಲ್ಲೂ ಹೋಗಬಹುದಿತ್ತು, ಬಸುರಿಯರು ಬಾಣಂತಿಯರು ಹೋಗಬಹುದಿತ್ತು. ಅತ್ತೆಯ ಕಾಟ, ಗಂಡನ ಏಟು ಎಲ್ಲವನ್ನೂ ಹೆಂಗಸರು ಅಲ್ಲೇ ಒಬ್ಬರಿಗೊಬ್ಬರು ಹೇಳಿಕೊಂಡು ಹಗುರಾಗಿ ಬರುತ್ತಿದ್ದರು. ಗಂಡಸರು ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅದು ಏನು ಜಾಗ ಎಂದು ಅವರೆಲ್ಲರಿಗೂ ಗೊತ್ತಿತ್ತು, ಬಾಯಲ್ಲಿ ಹೇಳುವಂತಿರಲಿಲ್ಲ ಅಷ್ಟೆ.

ಅರವತ್ತೊಂದರ ಬೇಸಿಗೆಯಲ್ಲಿ ಬ್ಲಾಕ್ ಆಫೀಸಿನಿಂದ ನಮ್ಮೂರಿಗೆ ಮಹಿಳಾ ಸಮಾಜದ ಕಟ್ಟಡ ಮಂಜೂರಾಯಿತು. ಹೆಂಗಸರು ಅಲ್ಲಿ ಸೇರಿ ಹೊಲಿಗೆ ಕಲಿಯಬೇಕು, ರೇಡಿಯೋ ಕೇಳಬೇಕು, ಮುಂದೆ ಬರಬೇಕು. ಕಟ್ಟಡ ರಸ್ತೆಗೆ ಕಾಣಬೇಕು ಎಂದು ಅಪ್ಪನ ಆಸೆ. ಹಳೇಬೀಡಿನ ದೇವಸ್ಥಾನ ನೋಡಲು ಹೋಗುವ ಸಾಹೇಬರುಗಳ ಕಾರೆಲ್ಲ ಆ ರಸ್ತೆಯಲ್ಲೇ ಹೋಗುತ್ತಿದ್ದವು. ಕತ್ತಾಳೆಯ ಜಾಗವೇ ಆಗಬೇಕು ಎಂದು ಅವರು ಸಭೆಗೆ ಮೊದಲೇ ತೀರ್ಮಾನ ಮಾಡಿದ್ದರು.

ಆ ಸಭೆಯ ದಿನ ನಾನು ಬಾಗಿಲ ಹಿಂದೆ ಚಿಕ್ಕಮ್ಮನ ಪಕ್ಕದಲ್ಲೇ ಇದ್ದೆ.

“ಏನ್ಲಾ ಜವರ, ಕತ್ತಾಳೆ ಕಡಿಸಿ ಅಲ್ಲಿ ಮಹಿಳಾ ಸಮಾಜ ಕಟ್ಟಿಸೋದು ಅಂತ ಐತೆ. ಇದು ಹೆಂಗಸರ ಕೆಲಸ. ಹೆಣ್ಣು ಮೆಂಬರು ಏನಂತಾರೆ ಕೇಳು” ಎಂದರು ಅಪ್ಪ.

ಜವರಯ್ಯ ಬಾಗಿಲಿಗೆ ಬಂದ. ಅವನು ಬಾಯಿ ಬಿಡುವ ಮೊದಲೇ ಚಿಕ್ಕಮ್ಮ ಹೇಳಿದಳು: “ಆ ಜಾಗ ಬ್ಯಾಡ ಅನ್ನು ಜವರಯ್ಯ. ಬ್ಯಾರೆ ಎಲ್ಲಾದ್ರೂ ಕಟ್ಟಿಸ್ಲಿ.”

“ಅಮ್ಮೋರು ಆ ಜಾಗ ಬ್ಯಾಡ ಅಂತವ್ರೆ ಬುದ್ಧಿ.”

“ಯಾಕಂತೆ?”

“ಅದು ಹೆಂಗಸರಿಗೆ ಬೇಕು ಅನ್ನು.”

“ಹೆಂಗಸರಿಗೆ ಬೇಕಂತೆ ಬುದ್ಧಿ.”

“ಹೆಂಗಸರಿಗೇ ತಾನೆ ಕಟ್ಟಿಸ್ತಿರೋದು? ಬರೀ ಕತ್ತಾಳೆ ಬೆಳೆದಿರೋ ಖಾಲಿ ಜಾಗ ಅವರಿಗೆ ಯಾತಕ್ಕೆ ಬೇಕು? ಕಾರಣ ಹೇಳಕ್ಕೇಳು.”

ಜವರಯ್ಯ ನೆಲ ನೋಡಿದ. ಅವನಿಗೂ ಹೆಂಡತಿ ಇದ್ದಳು, ಬೆಳೆದ ಹೆಣ್ಣುಮಕ್ಕಳಿದ್ದರು. ಒಬ್ಬ ಮೆಂಬರು ಎಲೆಯಡಿಕೆಯ ಚೀಲ ಬಿಚ್ಚಿದ, ಒಬ್ಬ ತೊಲೆ ನೋಡಿದ, ಒಬ್ಬ ಕಾಲಿನ ಉಗುರು ಕೆರೆದುಕೊಂಡ. ಅಲ್ಲಿ ಕೂತಿದ್ದ ಪ್ರತಿಯೊಬ್ಬನ ಹೆಂಡತಿಯೂ ಅವತ್ತು ಬೆಳಗ್ಗೆ ಅಲ್ಲಿಗೇ ಹೋಗಿ ಬಂದಿದ್ದಳು. ಚಿಕ್ಕಮ್ಮ ಬಾಯಿ ತೆರೆದಳು, ಮುಚ್ಚಿದಳು. ಇನ್ನೊಂದು ಸಲ ತೆರೆದಳು. ಮುಖ ಕೆಂಪಾಗಿ ಕಣ್ಣಲ್ಲಿ ನೀರು ಬಂತು. ಆ ಮಾತನ್ನು ಗಂಡಸರ ಮುಂದೆ ಯಾವ ಹೆಣ್ಣೂ ಆಡಿರಲಿಲ್ಲ, ಅದರಲ್ಲೂ ಭಾವನಿಗೆ ಮುಟ್ಟಿಸಬೇಕಾದ ಮಾತು. ಕೊನೆಗೆ ತಡೆಯಲಾರದ ಸಿಟ್ಟಿನಲ್ಲಿ ಅಂಗೈಯಿಂದ ಬಾಗಿಲ ಚೌಕಟ್ಟಿಗೆ ಬಡಿದಳು. ಕೈತುಂಬ ಇದ್ದ ಬಳೆಗಳು ಝಲ್ಲೆಂದವು.

“ಸರಿ, ಒಪ್ಪಿದ್ರು. ಬರ್ಕೊಳ್ಳಿ ಸೆಕ್ರೆಟರಿ. ಮುಂದಿನ ವಿಷಯ?” ಎಂದರು ಅಪ್ಪ.

ಅಪ್ಪನಿಗೆ ಅರ್ಥವಾಗದೆ ಹಾಗೆ ಬರೆಸಿದರು ಎಂದು ನಮ್ಮಮ್ಮ ಕಡೆಯವರೆಗೂ ಹೇಳುತ್ತಿದ್ದಳು. ನಾನು ಒಂದು ದಿನವೂ ನಂಬಿಲ್ಲ. ಮೂವತ್ತು ವರ್ಷ ಬಳೆ ಸದ್ದು ಕೇಳಿದ ಗಂಡಸಿಗೆ ಯಾವ ಸದ್ದು ಯಾವುದೆಂದು ತಿಳಿಯುವುದಿಲ್ಲವೇ?

ಚಿಕ್ಕಮ್ಮ ಗಂಡನನ್ನು ಹಿಡಿದುಕೊಂಡಳು. ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದ ಚಿಕ್ಕಪ್ಪನಿಗೆ ನೀರು ಹಾಕುತ್ತಾ, “ರೀ, ನೀವಾದ್ರೂ ನಿಮ್ಮಣ್ಣನಿಗೆ ಹೇಳ್ರಿ. ಗಂಡಸು ಗಂಡಸಿಗೆ ಹೇಳಿದ್ರೆ ಆಯ್ತದೆ” ಎಂದಳು.

“ಅಣ್ಣನ ತಾವ ಇಂಥ ಮಾತು ಹೆಂಗೆ ತಗೀಲೇ?”

“ನಿಮ್ಮವ್ವನೂ ಅಲ್ಲಿಗೇ ಹೋಗ್ತಿದ್ದಿದ್ದು.”

“ಥೂ, ಸುಮ್ಕಿರು” ಎಂದು ಚಿಕ್ಕಪ್ಪ ಅರ್ಧ ತೊಳೆದ ಕಾಲಲ್ಲೇ ಒಳಗೆ ಹೋದರು.

ಉಳಿದವರು ಗ್ರಾಮಸೇವಕಿ ವೇದವಲ್ಲಿ. ಬೇಲೂರಿನವರು, ದೇವಸ್ಥಾನದ ಸೇವೆಯ ಮನೆತನ, ಓದಿದವರು. ಕೊಡೆ ಹಿಡಿದು ಬಸ್ಸಿನಲ್ಲಿ ಬಂದು ಬೀದಿ ಬೀದಿ ತಿರುಗಿ ಮಕ್ಕಳ ತೂಕ, ಹೊಗೆಯಿಲ್ಲದ ಒಲೆ ಅಂತ ಹೇಳಿಕೊಡುತ್ತಿದ್ದರು. ಒಳ್ಳೆಯ ಹೆಂಗಸು, ಅದರಲ್ಲಿ ಎರಡು ಮಾತಿಲ್ಲ. ಚಿಕ್ಕಮ್ಮ ಅವರ ಕೈ ಹಿಡಿದುಕೊಂಡು ಎಲ್ಲವನ್ನೂ ಬಿಚ್ಚಿ ಹೇಳಿದಳು. ಅವರ ಮುಖ ಅರಳಿತು.

“ಶಿವಗಂಗಮ್ಮನೋರೇ, ಬಯಲಿಗೆ ಹೋಗೋದೇ ಆರೋಗ್ಯಕ್ಕೆ ಒಳ್ಳೇದಲ್ಲ. ಕಟ್ಟಡದ ಜೊತೆಗೆ ಎರಡು ಕಕ್ಕಸು ಹಾಕಿಸ್ತೀನಿ, ನೋಡ್ತಾ ಇರಿ.”

“ಎರಡಾ? ಊರ ಹೆಂಗಸರಿಗೆಲ್ಲಾ?”

“ಒಂದು ಶುರು ಆಗಬೇಕಲ್ಲ.”

“ಕಕ್ಕಸೂ ಆಗ್ಲಿ, ಕತ್ತಾಳೇನೂ ಇರ್ಲಿ ಕಣ್ರೀ. ಮನೇನ ಬ್ಯಾರೆ ಕಡೆ ಕಟ್ಟಿ.”

“ಜಾಗ ಪಂಚಾಯ್ತಿಯಿಂದ ಠರಾವಾಗಿ ಬಂದಿದೆ. ನೀವೂ ಒಪ್ಪಿದೀರಂತಲ್ಲ?” ಎಂದರು ವೇದವಲ್ಲಿ. ಚಿಕ್ಕಮ್ಮ ಅವರ ಕೈ ಬಿಟ್ಟಳು.

ಕತ್ತಾಳೆ ಕಡಿಯಲು ಆಳುಗಳಿಗೆ ಹೆಚ್ಚು ದಿನ ಹಿಡಿಯಲಿಲ್ಲ. ಪಟ್ಟೆಗಳನ್ನು ಕೆರೆಯಲ್ಲಿ ಕೊಳೆಹಾಕಿ ನಾರು ತೆಗೆದು ಹಗ್ಗ ಹೊಸೆದರು, ನಮ್ಮ ಕೊಟ್ಟಿಗೆಗೇ ಬಂತು. ಗೋಡೆ ಎದ್ದಿತು. ಹೆಂಗಸರು ಹಳೇಬೀಡಿನ ರಸ್ತೆಯಲ್ಲಿ ಮೋರಿ ದಾಟಿ, ರಸ್ತೆಯ ಅಂಚಿಗೆ ಹೋಗತೊಡಗಿದೆವು. ಹೊಲಗಳಲ್ಲಿ ಪೈರಿರುವಾಗ ಇಳಿಯಲು ಬಿಡುವುದಿಲ್ಲ, ಪೈರಿಲ್ಲದಾಗ ಮರೆ ಇಲ್ಲ. ಹೊತ್ತು ಹುಟ್ಟುವ ಮುಂಚೆ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ. ನಡುವೆ ಏನೇ ಆದರೂ ತಡೆದುಕೊಳ್ಳಬೇಕು. ಬಸ್ಸಿನ ದೀಪ ಬಿದ್ದರೆ ಎಲ್ಲರೂ ಒಟ್ಟಿಗೆ ಎದ್ದು ನಿಲ್ಲುವುದು. ಕೂತಿದ್ದರೆ ಏನೆಂದು ತಿಳಿಯುತ್ತದೆ, ನಿಂತಿದ್ದರೆ ದಾರಿಹೋಕರು ಎಂದುಕೊಳ್ಳಲಿ ಎಂದು. ಬಸ್ಸು ಹೋಗುವವರೆಗೆ ಸೆರಗು ಮುಖಕ್ಕೆ ಹಾಕಿ ನಿಂತಿರುವುದು, ಹೋದ ಮೇಲೆ ಮತ್ತೆ ಕೂರುವುದು. ವಯಸ್ಸಾದವರಿಗೆ ಹಾಗೆ ಎದ್ದು ಕೂತು ಮಂಡಿ ಹಿಡಿದುಹೋಗುತ್ತಿತ್ತು.

ಕಟ್ಟಡದ ಹಿಂದೆ ವೇದವಲ್ಲಿ ಹೇಳಿದಂತೆ ಎರಡು ಕಕ್ಕಸು ಎದ್ದವು. ಅಪ್ಪ ಎರಡಕ್ಕೂ ಬೀಗ ಹಾಕಿಸಿದರು. ಹೊಸದು, ಈಗಲೇ ಬಿಟ್ಟರೆ ಹಾಳುಮಾಡುತ್ತಾರೆ, ಸಾಹೇಬರು ಬಂದು ಉದ್ಘಾಟನೆ ಆಗಲಿ ಎಂದರು.

ಉದ್ಘಾಟನೆ ಸಂಕ್ರಾಂತಿ ಕಳೆದ ಮೇಲೆ ಇಟ್ಟುಕೊಂಡರು. ಹಾಸನದಿಂದ ಸಾಹೇಬರು ಹೆಂಡತಿಯ ಸಮೇತ ಮಧ್ಯಾಹ್ನ ಬರುವುದೆಂದು ಗೊತ್ತಾಗಿತ್ತು. ಊರಿನ ಹೆಂಗಸರೆಲ್ಲ ರೇಷ್ಮೆ ಸೀರೆ ಉಟ್ಟು ಉಂಡದ್ದೇ ತಡ ಕಟ್ಟಡದ ಮುಂದೆ ಸಾಲಾಗಿ ನಿಲ್ಲಬೇಕೆಂದು ಅಪ್ಪನ ಕಟ್ಟಪ್ಪಣೆ. ಅವರನ್ನು ಹೊರಡಿಸುವ ಕೆಲಸ ಚಿಕ್ಕಮ್ಮನದು. ನಿಂತೆವು. ಸುತ್ತ ಮೂರೂರಿನ ಗಂಡಸರು ಸೇರಿದ್ದರು. ಸಾಹೇಬರು ಬರಲಿಲ್ಲ. ಅವರ ಹೆಂಡತಿಗೆ ಹಳೇಬೀಡು ನೋಡುವ ಆಸೆಯಂತೆ, ಮೊದಲು ಅಲ್ಲಿಗೆ ಹೋಗಿದ್ದಾರೆ ಎಂದು ಸುದ್ದಿ ಬಂತು. ಹೊತ್ತು ಇಳಿಯಿತು. ಮುತ್ತೈದೆಯರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಾ ನಿಂತಿದ್ದರು. ಅಲ್ಲಾಡಿದರೆ ಅಪ್ಪ ಗದರುತ್ತಿದ್ದರು. ಬೀಗ ಹಾಕಿದ ಕಕ್ಕಸು ನಮ್ಮ ಬೆನ್ನ ಹಿಂದೆ ಇತ್ತು.

ಕತ್ತಲಾಗುತ್ತಾ ಬಂದಾಗ ನಮ್ಮಮ್ಮನೇ ಮೊದಲು ಹೇಳಿದಳು, “ಶಿವಗಂಗಾ, ಇನ್ನು ನನ್ನ ಕೈಲಿ ಆಗಲ್ಲ ಕಣೇ.” ಗಂಡಸರು ಪೆಟ್ರೋಮ್ಯಾಕ್ಸ್ ಹಚ್ಚುವ ಗಲಾಟೆಯಲ್ಲಿದ್ದರು. ಚಿಕ್ಕಮ್ಮ ಕಣ್ಸನ್ನೆ ಮಾಡಿದಳು. ನಾವು ಸದ್ದಿಲ್ಲದೆ ಸಾಲು ಬಿಟ್ಟು, ಮನೆಮನೆಯಿಂದ ಚೊಂಬು ತೆಗೆದುಕೊಂಡು, ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು ಮೋರಿಯಾಚೆ ಓಡಿದೆವು.

ಕೂತು ಒಂದು ಗಳಿಗೆಯೂ ಆಗಿರಲಿಲ್ಲ. ಹಳೇಬೀಡಿನ ಕಡೆಯಿಂದ ದೀಪ ಬಿತ್ತು. ಎಲ್ಲರೂ ಎದ್ದು ನಿಂತೆವು. ಬಸ್ಸಾಗಿದ್ದರೆ ಹೋಗಿಬಿಡುತ್ತಿತ್ತು. ಅದು ಜೀಪು. ನಮ್ಮನ್ನು ನೋಡಿ ನಿಧಾನವಾಯಿತು, ನಿಂತೇ ಬಿಟ್ಟಿತು. ಸಾಹೇಬರು ಕೆಳಗಿಳಿದರು. ರಸ್ತೆಯುದ್ದಕ್ಕೂ ರೇಷ್ಮೆ ಸೀರೆ ಉಟ್ಟು, ಕೈಯಲ್ಲಿ ಚೊಂಬು ಹಿಡಿದು ನಿಂತ ಹೆಂಗಸರನ್ನು ದೀಪದ ಬೆಳಕಿನಲ್ಲಿ ಕಂಡು ಅವರ ಕಣ್ಣು ತುಂಬಿತೇನೋ. ಎರಡೂ ಕೈ ಎತ್ತಿ ಮುಗಿದರು.

“ಕಲಶ ಹಿಡಿದು ಇಷ್ಟು ದೂರ ಬಂದು ಎದುರುಗೊಳ್ತಾ ಇದೀರಿ. ಬಹಳ ಸಂತೋಷ ತಾಯಂದಿರೇ” ಎಂದರು.

ನಮ್ಮಮ್ಮ ಚೊಂಬು ಹಿಡಿದ ಕೈಯಲ್ಲೇ ನಮಸ್ಕಾರ ಮಾಡಿದಳು. ಅವಳನ್ನು ನೋಡಿ ಎಲ್ಲರೂ ಮಾಡಿದರು.

ಹೊಲದ ಕಾಲುದಾರಿಯಲ್ಲಿ ಓಡಿಬಂದು ಮತ್ತೆ ಸಾಲಿನಲ್ಲಿ ನಿಲ್ಲುವ ಹೊತ್ತಿಗೆ ಸಾಹೇಬರ ಹೆಂಡತಿ ವೇದವಲ್ಲಿಯ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ವೇದವಲ್ಲಿ ಅಪ್ಪನ ಹತ್ತಿರ ಹೋದರು. ಅಪ್ಪ ಜವರಯ್ಯನನ್ನು ಓಡಿಸಿ ನಮ್ಮ ಮನೆಯಿಂದ ಕಕ್ಕಸಿನ ಬೀಗದ ಕೈ ತರಿಸಿದರು. ಆ ತಾಯಿ ಒಳಗೆ ಹೋಗಿ ಬಂದರು. ಜವರಯ್ಯ ಮತ್ತೆ ಬೀಗ ಹಾಕಿದ. ಚಿಕ್ಕಮ್ಮ ಇದೆಲ್ಲವನ್ನೂ ನೋಡುತ್ತಾ ನಿಂತಿದ್ದಳು. ಅವಳ ಸೀರೆಯ ಅಂಚಿಗೆ ರಸ್ತೆಯ ಮುಳ್ಳು ಹತ್ತಿಕೊಂಡಿತ್ತು.

ಸಾಹೇಬರು ಭಾಷಣದಲ್ಲಿ ನಮ್ಮೂರ ಹೆಂಗಸರನ್ನು ಹೊಗಳಿದ್ದೇ ಹೊಗಳಿದ್ದು. ಇಷ್ಟು ಜಾಗೃತರಾದ ಮಹಿಳೆಯರನ್ನು ಜಿಲ್ಲೆಯಲ್ಲೇ ನೋಡಿಲ್ಲ, ಕತ್ತಲಲ್ಲಿ ಊರ ಹೊರಗೆ ಬಂದು ಕಾದು ನಿಂತಿದ್ದರು ಎಂದರು. ಅಪ್ಪನಿಗೆ ಅದು ಹೊಸ ಸುದ್ದಿ. ಒಂದು ಕ್ಷಣ ಅವರ ಹುಬ್ಬು ಗಂಟಾಯಿತು. ಆಮೇಲೆ ಎದ್ದು ನಿಂತು, “ಎಲ್ಲಾ ನಮ್ಮ ಮಹಿಳಾ ಮೆಂಬರ ಏರ್ಪಾಡು ಸ್ವಾಮಿ” ಎಂದುಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ಮೆಂಬರು ಬಂದು ಅತಿಥಿಗಳಿಗೆ ಹಾರ ಹಾಕಬೇಕೆಂದು ಸೆಕ್ರೆಟರಿ ಕೂಗಿದ.

ಚಿಕ್ಕಮ್ಮ ಹೋಗಿ ಸಾಹೇಬರ ಹೆಂಡತಿಗೆ ಹಾರ ಹಾಕಿದಳು. ವಾಪಸು ಬರುವ ಬದಲು ಅಪ್ಪನ ಕಡೆ ತಿರುಗಿದಳು.

“ಭಾವ” ಎಂದಳು.

ಅಷ್ಟಕ್ಕೇ ಸೇರಿದ್ದವರೆಲ್ಲ ತಲೆ ಎತ್ತಿ ಅವಳ ಕಡೆ ತಿರುಗಿದರು.

“ಭಾವ, ನಾವು ಯಾರನ್ನೂ ಎದುರುಗೊಳ್ಳಕ್ಕೆ ಹೋಗಿರ್ಲಿಲ್ಲ. ಕೂತಿದ್ವಿ. ಬೆಳಕು ಬಿತ್ತು, ಎದ್ವಿ. ನೀವು ಕತ್ತಾಳೆ ಕಡಿಸಿದ ದಿನದಿಂದ ದಿನಾ ಹಿಂಗೇ ಎದ್ದು ನಿಂತ್ಕಳ್ತೀವಿ. ನಿಮ್ಮ ಮನೆಯೋರೂ ಅಲ್ಲಿದ್ರು, ನಿಮ್ಮ ಮಗಳೂ ಇದ್ಲು. ಇದು ನಮ್ಮ ಜಾಗ. ಅದಕ್ಕೇ ಅವತ್ತು ಬ್ಯಾಡ ಅಂದಿದ್ದು.”

ಅವಳ ದನಿ ಕಡೆಯ ಸಾಲಿನವರೆಗೂ ಕೇಳಿಸಿತು. ಸಾಹೇಬರು ತಮ್ಮ ಕೈಗಡಿಯಾರ ನೋಡಿಕೊಂಡರು. ಅವರ ಹೆಂಡತಿ ತಲೆ ತಗ್ಗಿಸಿದರು. ವೇದವಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಪ್ಪ ಅವಳ ಕಡೆ ನೋಡಲೇ ಇಲ್ಲ. ಜನರ ನಡುವೆ ಇದ್ದ ಚಿಕ್ಕಪ್ಪನನ್ನು ಹುಡುಕಿ, “ಗಂಗಾಧರ, ನಿನ್ನ ಹೆಂಡ್ತಿಗೆ ಮೈ ಸರಿ ಇಲ್ಲ. ಮನೆಗೆ ಕರ್ಕೊಂಡು ಹೋಗು” ಎಂದರು. ಚಿಕ್ಕಪ್ಪ ಬಂದು ಅವಳ ರಟ್ಟೆ ಹಿಡಿದುಕೊಂಡು ಕರೆದುಕೊಂಡು ಹೋದರು. ವಂದನಾರ್ಪಣೆ ಆಯಿತು, ಎಲ್ಲರಿಗೂ ಕೇಸರಿಬಾತು ಹಂಚಿದರು.

ಗಂಡಸರು ಕೋಪ ಮಾಡಿಕೊಂಡರು ಎಂದು ನೀವು ತಿಳಿದರೆ ತಪ್ಪು. ಅವರು ಹೆಚ್ಚೇನೂ ಮಾತಾಡಲಿಲ್ಲ. ಅವಳ ಮೇಲೆ ಮುಗಿಬಿದ್ದವರು ಹೆಂಗಸರು, ಅವಳ ಜೊತೆ ಚೊಂಬು ಹಿಡಿದು ನಿಂತಿದ್ದ ಹೆಂಗಸರು. ಮೂರೂರಿನ ಗಂಡಸರ ಮುಂದೆ ನಮ್ಮ ಮಾನ ಕಳೆದಳು, ನಾಳೆಯಿಂದ ರಸ್ತೆಯಲ್ಲಿ ಹೇಗೆ ಮುಖ ಎತ್ತುವುದು, ಸುಮ್ಮನಿದ್ದಿದ್ದರೆ ಸ್ವಾಗತ ಅಂತಲೇ ಆಗಿಹೋಗುತ್ತಿತ್ತಲ್ಲ ಎಂದು ಬಾವಿಕಟ್ಟೆಯಲ್ಲಿ ಬೈದರು. ಅವಳೇ ಹಾಕಿಸಿದ ರಾಟೆಯಲ್ಲಿ ನೀರು ಸೇದುತ್ತಾ ಬೈದರು. ನಮ್ಮಮ್ಮ ಅವಳ ಜೊತೆ ಮಾತು ಬಿಟ್ಟಳು. ಭಾವನನ್ನು ಎದುರಿಗೆ ನಿಂತು ಮಾತಾಡಿಸಿದವಳ ಕೈಯ ಅಡುಗೆ ಬೇಡವೆಂದು ಮನೆಯಲ್ಲಿ ಒಲೆ ಬೇರೆಯಾಯಿತು. ಮೈ ಸರಿ ಇಲ್ಲ ಎಂದ ಅಪ್ಪನ ಮಾತು ಊರೆಲ್ಲ ಸುತ್ತಿ ಗಾಳಿ ಸೋಕಿದೆ ಎಂದಾಯಿತು. ಯಾವುದೋ ಮಠಕ್ಕೆ ಕರೆದುಕೊಂಡು ಹೋಗಿ ಕೊರಳಿಗೆ ತಾಯಿತ ಕಟ್ಟಿಸಿದರು. ಅವಳು ಕಟ್ಟಿಸಿಕೊಂಡಳು.

ಪಂಚಾಯ್ತಿ ಸಭೆ ನಮ್ಮ ಹಜಾರದಿಂದ ಮಹಿಳಾ ಸಮಾಜದ ಕಟ್ಟಡಕ್ಕೆ ಬದಲಾಯಿತು. ಅಲ್ಲಿ ನಡುಮನೆಯೂ ಇಲ್ಲ, ಬಾಗಿಲ ಮರೆಯೂ ಇಲ್ಲ. ಯಾವತ್ತು ಸಭೆ ಎಂದು ಅವಳಿಗೆ ತಿಳಿಸುವವರೂ ಇರಲಿಲ್ಲ. ಸತತವಾಗಿ ಗೈರುಹಾಜರಿ ಎಂದು ಸ್ಥಾನ ತೆಗೆದರು. ಆ ಜಾಗಕ್ಕೆ ನಮ್ಮಮ್ಮ ಬಂದಳು. ಅಮ್ಮನಿಗೆ ಭಾವನ ಅಡ್ಡಿ ಇರಲಿಲ್ಲ, ಅಪ್ಪ ಸ್ವಂತ ಗಂಡನೇ. ಆದರೂ ಅವಳು ಒಂದು ಮಾತೂ ಆಡಿದ್ದನ್ನು ಯಾರೂ ಕೇಳಲಿಲ್ಲ. ವೇದವಲ್ಲಿಗೆ ವರ್ಗವಾಯಿತು. ರೇಡಿಯೋ ಕೇಳಲು ಗಂಡಸರು ಬಂದು ಕೂತು ಇಸ್ಪೀಟಾಡಿದರು. ಕಕ್ಕಸಿನ ಬೀಗ ಸಾಹೇಬರ ಪೈಕಿ ಯಾರಾದರೂ ಬಂದಾಗ ತೆಗೆಯುತ್ತಿದ್ದರು.

ನನ್ನನ್ನು ಅದೇ ವರ್ಷ ಬೇಲೂರಿಗೆ ಕೊಟ್ಟರು. ಜವಳಿ ಅಂಗಡಿಯ ಮನೆ. ಅಲ್ಲಿ ಹಿತ್ತಲಲ್ಲಿ ಕಕ್ಕಸಿತ್ತು. ಮದುವೆಯಾದ ಹೊಸದರಲ್ಲಿ ನನಗೆ ಗಂಡನಿಗಿಂತ ಅದನ್ನು ಕಂಡೇ ಹೆಚ್ಚು ಸಂತೋಷವಾಯಿತು ಎಂದರೆ ನೀವು ನಗಬಹುದು. ಮೂರ್ನಾಲ್ಕು ವರ್ಷವಾದ ಮೇಲೆ ಚಿಕ್ಕಮ್ಮ ಒಂದು ಸಲ ಬಂದಳು. ಮುಖ ಊದಿತ್ತು, ಪಾದ ಊದಿತ್ತು. ಅರಸೀಕೆರೆಯಲ್ಲಿ ಡಾಕ್ಟರಿಗೆ ತೋರಿಸಿದೆ ಎಂದಳು.

“ನೀರು ಎಷ್ಟು ಕುಡೀತೀರಿ ಅಂತ ಕೇಳಿದ್ರು ಕಣೇ ಡಾಕ್ಟ್ರು. ಬೆಳಿಗ್ಗೆ ಒಂದು ಲೋಟ ಅಂದೆ. ಯಾಕಷ್ಟು ಕಮ್ಮಿ ಅಂದ್ರು.”

“ಹೇಳಬೇಕಾಗಿತ್ತು ಚಿಕ್ಕಮ್ಮ.”

“ಒಂದ್ಸಲ ಹೇಳಿ ಆಗೈತಲ್ಲ” ಎಂದಳು.

ಹಗಲು ಹೊತ್ತು ಹೋಗಬೇಕಾದೀತು ಎಂದು ಬೆಳಗಿನ ಮೇಲೆ ನೀರನ್ನೇ ಮುಟ್ಟದೆ ವರ್ಷಗಳೇ ಕಳೆದಿದ್ದವು. ಊರಲ್ಲಿ ಎಲ್ಲ ಹೆಂಗಸರೂ ಹಾಗೇ ಮಾಡುತ್ತಿದ್ದರು. ಅವಳ ಕಷ್ಟ ಇನ್ನೂ ಒಂದು ಕೈ ಹೆಚ್ಚು. ಮೋರಿಯ ಹತ್ತಿರ ಅವಳು ಬಂದರೆ ಉಳಿದವರು ದೂರ ಸರಿದು ಕೂರುತ್ತಿದ್ದರು, ಹಾಗಾಗಿ ಎಲ್ಲರೂ ಹೋಗಿ ಬಂದ ಮೇಲೆ ಒಬ್ಬಳೇ ಹೋಗುತ್ತಿದ್ದಳು. ನಮ್ಮ ಮನೆಯಲ್ಲಿದ್ದ ನಾಲ್ಕು ದಿನ ತಂಬಿಗೆಗಟ್ಟಲೆ ನೀರು ಕುಡಿದಳು. ಮಜ್ಜಿಗೆ ಕುಡಿದಳು, ಪಾನಕ ಕುಡಿದಳು, ಹಳೆಯ ಹಾಗೆ ನಮ್ಮತ್ತೆಯ ನಡಿಗೆಯನ್ನು ಅಣಕಿಸಿದಳು. ಬಸ್ಸು ಹತ್ತುವ ದಿನ ಮಾತ್ರ ಬೆಳಿಗ್ಗೆಯಿಂದ ಏನೂ ಬೇಡವೆಂದಳು. ಇನ್ನೂ ನಾಲ್ಕು ದಿನ ಇರು ಎಂದು ನಾನು ಕಣ್ಣೀರಿಟ್ಟೆ. ಚಿಕ್ಕಪ್ಪನಿಗೆ ಊಟಕ್ಕೆ ತೊಂದರೆಯಾಗುತ್ತದೆ ಎಂದು ಹೋದಳು.

ಅರವತ್ತೇಳರ ಕಾರ್ತೀಕದಲ್ಲಿ ತೀರಿಕೊಂಡಳು. ಗರ್ಭಿಣಿಯಾಗಿದ್ದ ನನಗೆ ಸುದ್ದಿ ತಡವಾಗಿ ಮುಟ್ಟಿಸಿದರು. ಶಿವಗಣಾರಾಧನೆಯ ಹೊತ್ತಿಗೆ ಹೋದೆ.

ಊಟವಾದ ಮೇಲೆ ಅಪ್ಪ ಎಲ್ಲರನ್ನೂ ಮಹಿಳಾ ಸಮಾಜದ ಮುಂದೆ ಸೇರಿಸಿದರು. ಬಾಗಿಲ ಮೇಲೆ ಹೊಸದಾಗಿ ಕೂರಿಸಿದ ಕಲ್ಲಿಗೆ ಬಿಳಿ ಬಟ್ಟೆ ಹೊದಿಸಿತ್ತು. ನಮ್ಮ ಪಂಚಾಯ್ತಿಯ ಮೊದಲ ಮಹಿಳಾ ಸದಸ್ಯೆ, ನಮ್ಮ ಮನೆಯ ಸೊಸೆ, ಹೆಂಗಸರ ಏಳಿಗೆಗೆ ದುಡಿದವಳು, ಈ ಕಟ್ಟಡ ಆಕೆಯ ಕನಸಾಗಿತ್ತು ಎಂದರು. ಆ ಮಾತು ಹೇಳುವಾಗ ಅವರ ಗಂಟಲು ನಿಜವಾಗಿಯೂ ಕಟ್ಟಿತು. ಅದೇ ನನಗೆ ತಡೆಯಲಾಗದ್ದು. ನಾಟಕವಾಡಿದ್ದರೆ ಉಗಿದು ಬರಬಹುದಿತ್ತು. ಬಟ್ಟೆ ಸರಿಸಿದರು. ಶ್ರೀಮತಿ ಶಿವಗಂಗಮ್ಮ ಮಹಿಳಾ ಸಮಾಜ ಎಂದು ಕಲ್ಲಿನಲ್ಲಿ ಕೊರೆಸಿ ಕಪ್ಪು ಬಣ್ಣ ತುಂಬಿಸಿದ್ದರು. ಚಿಕ್ಕಪ್ಪ ಅಣ್ಣನ ಕಾಲಿಗೆ ಬಿದ್ದರು.

“ನಿಮ್ಮಪ್ಪಂದು ಎಷ್ಟು ದೊಡ್ಡ ಮನಸ್ಸು ನೋಡೇ. ಅವಳು ಅಷ್ಟೆಲ್ಲಾ ಮಾಡಿದ್ರೂ ಏನೂ ಇಟ್ಕಳ್ಳಲಿಲ್ಲ” ಎಂದು ಅಮ್ಮ ಕಣ್ಣೊರೆಸಿಕೊಂಡಳು.

ನನಗೆ ಏಳು ತಿಂಗಳು. ಬಸ್ಸಿನಲ್ಲಿ ಬಂದು, ಉಂಡು, ಅಷ್ಟು ಹೊತ್ತು ನಿಂತು ಕಿಬ್ಬೊಟ್ಟೆ ಹಿಂಡುತ್ತಿತ್ತು. ಅಮ್ಮನ ಹತ್ತಿರ ಸರಿದು, ಈಗ ಎಲ್ಲಿಗೆ ಹೋಗುತ್ತೀರಿ ಎಂದು ಮೆಲ್ಲಗೆ ಕೇಳಿದೆ.

“ಇನ್ನೆಲ್ಲಿಗೆ, ಮೋರಿಯಾಚೆ” ಎಂದಳು ಪಂಚಾಯ್ತಿ ಮೆಂಬರಾದ ನಮ್ಮಮ್ಮ. “ಗಂಡಸರು ಓಡಾಡ್ತಾವ್ರೆ, ಕತ್ತಲಾಗಲಿ ತಡಕೋ.”

ಹೊತ್ತು ಇನ್ನೂ ಮೇಲಿತ್ತು. ನಾನು ಚಿಕ್ಕಮ್ಮನ ಹೆಸರಿನ ಕೆಳಗೆ, ಆ ಕಟ್ಟಡದ ಮೆಟ್ಟಿಲ ಮೇಲೆ, ಕಾಲು ಒತ್ತಿ ಹಿಡಿದುಕೊಂಡು ಕತ್ತಲಾಗುವುದನ್ನು ಕಾಯುತ್ತಾ ಕೂತೆ.